ವಾಲದ ಬಟ್ಟಲು

ಚಿಂತಾಮಣಿ
೯ ಜುಲೈ ೧೯೬೧

ಯಜಮಾನರಿಗೆ,

ಕುಲುಮೆ ಕ್ಷೇಮ. ನಾನೂ ಕ್ಷೇಮ. ಕುಲುಮೆಯನ್ನು ಮೊದಲು ಬರೆದದ್ದಕ್ಕೆ ಬೇಸರ ಬೇಡ; ಹೊಸಿಲು ದಾಟುವಾಗ ನೀವು ತಿರುಗಿ ನೋಡಿದ್ದೂ ಅದನ್ನೇ.

ಹೋಗುವ ಹಿಂದಿನ ದಿನದವರೆಗೂ ಹೋಗುವ ಮಾತಿರಲಿಲ್ಲ. ಬೆಳಿಗ್ಗೆ ಎದ್ದವರೇ ಗೌರಿಬಿದನೂರು, ನಿಮ್ಮ ಅಕ್ಕ ಅಮ್ಮಾಜಮ್ಮ ಅತ್ತಿಗೆಯ ಮನೆ, ಅಲ್ಲಿ ಯಾರದೋ ಬಾಟಲಿ ಕಾರ್ಖಾನೆ, ಮೂರು ತಿಂಗಳು ಎಂದಿರಿ. "ಗಾಜು ಕಾಯಿಸಾದು ಯಾವನಿಗಾದ್ರೂ ಬರ್ತದೆ ಕಣೇ, ತಣ್ಣಗೆ ಮಾಡಾದ್ ಕಲೀಬೇಕು" ಎಂದಿರಿ. ಕಲಿತು ಬನ್ನಿ. ಇಲ್ಲಿ ರಾಗಿ ಹೊಟ್ಟಿನ ಬಿಸಿ ಬೂದಿಯಲ್ಲಿ ಮೂರು ದಿನ ಹೂತು ತಣಿಸುವ ನಮ್ಮ ಪದ್ಧತಿಗೆ ಹತ್ತರಲ್ಲಿ ನಾಲ್ಕು ಬಿರುಕು ಬಿಡುವುದು ನಿಜ.

ಬೆಂಗಳೂರಿನ ಪ್ರದರ್ಶನದವರ ಫಾರಂ ಬಂದಿದೆ. ಡಿಸೆಂಬರ್ ಕೊನೆಯೊಳಗೆ ಒಂದರೊಳಗೊಂದು ಕೂರುವ ಮೂರು ನೀಲಿ ಬಟ್ಟಲು ತಲುಪಬೇಕು. "ಕಲಾವಿದನ ಹೆಸರು" ಎಂದು ಒಂದೇ ಒಂದು ಸಾಲು ಬಿಟ್ಟಿದ್ದಾರೆ. ಇಬ್ಬರ ಹೆಸರನ್ನೂ ಅದರಲ್ಲೇ ತುರುಕಬೇಕು. ಹತ್ತು ವರ್ಷದಿಂದ ನೀವು ಊದುತ್ತೀರಿ, ನಾನು ಬಣ್ಣ ಹಿಡಿಸಿ ಬಾಯಿ ಅಗಲಿಸುತ್ತೇನೆ. ಊರಿನವರು ಇದನ್ನು ಲಾಟೀನಿಗೂ ಆಗದ ಬಳೆಗೂ ಆಗದ ಕಸುಬು ಎನ್ನುತ್ತಾರೆ. ಪ್ರದರ್ಶನದಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಕಂಡರೆ ಸಾಕು, ಆಮೇಲೆ ಅವರು ಏನಾದರೂ ಅಂದುಕೊಳ್ಳಲಿ.

ನೀವು ಊದಿಟ್ಟ ಹನ್ನೊಂದು ಗಾಜಿನ ಬುರುಡೆಗಳಿವೆ. ಅವನ್ನೇ ಮತ್ತೆ ಕಾಯಿಸಿ, ಬಳೆ ಚೂರಿನ ಪುಡಿಯಲ್ಲಿ ಹೊರಳಿಸಿ, ಬಟ್ಟಲು ಮಾಡುತ್ತೇನೆ. ಊದುವ ಕೊಳವೆ ಮುಟ್ಟುವುದಿಲ್ಲ. ಮದುವೆಯಾದ ವರ್ಷ ನಾನು ಊದಲು ಹೋಗಿ ತಲೆ ತಿರುಗಿ ಕುಲುಮೆ ಪಕ್ಕ ಬಿದ್ದಾಗ ನೀವು ತಲೆ ಮುಟ್ಟಿಸಿ ಹಾಕಿದ ಆಣೆ ನೆನಪಿದೆ.

ಹನ್ನೊಂದೂ ಎಂದಿನಂತೆ ಎಡಕ್ಕೆ ವಾಲಿವೆ. ತಪ್ಪು ನನ್ನದೇ. ಹೆಂಡತಿ ಗಂಡನ ಹೆಸರನ್ನು ಪ್ರಾಸದೊಳಗೆ ಮಾತ್ರ ಹೇಳಬಹುದೆಂದು ಹಿರಿಯರು ಬಿಟ್ಟದ್ದು ಮದುವೆಯ ಒಡಪಿಗೆ. ಅದನ್ನು ನಾನು ಕುಲುಮೆಗೆ ತಂದೆ, ಗಡಿಯಾರ ಇಲ್ಲದ ಮನೆಯಲ್ಲಿ ಕಾವಿನ ಲೆಕ್ಕಕ್ಕೆ ಆಗಲಿ ಎಂದು:

ಸುತ್ತೋ ಸುತ್ತೋ ಆವಲಪ್ಪ,
ಸುಮ್ನೆ ನಿಂತ್ರೆ ಕಾವಲಪ್ಪ,
ಊದಿ ಬಂದ್ರೆ ಊಟವಪ್ಪ,
ಊದ್ದೆ ಬಂದ್ರೆ ಓಟವಪ್ಪ.

ಮೂರನೆಯ ಸಾಲಿಗೆ ನೀವು ನಗುತ್ತೀರಿ, ಉಸಿರು ಅಲ್ಲಾಡುತ್ತದೆ, ಗಾಜು ಎಡಕ್ಕೆ ವಾಲುತ್ತದೆ. ಹತ್ತು ವರ್ಷದಿಂದ ಅದೇ ಪದ್ಯ, ಅದೇ ನಗು.

ನಾನು ಬರೋಣವೆಂದರೆ ಬೆಂಕಿ ಬಿಟ್ಟು ಬರುವಂತಿಲ್ಲ. ಕುಲುಮೆ ಆರಿದರೆ ಒಳಗೆ ಗಾಜು ಕರಗಿಸುವ ಮಣ್ಣಿನ ಕುಡಿಕೆ ಸೀಳುತ್ತದೆ. ಹೊಸದು ಕಟ್ಟಿ ಒಣಗಿಸಲು ಎರಡು ತಿಂಗಳು. ಆದ್ದರಿಂದ ಬರೆಯಿರಿ.

ಶ್ಯಾಮಲ

*

ಗೌರಿಬಿದನೂರು
೨೧ ಜುಲೈ ೧೯೬೧

ಶ್ಯಾಮಲೆಗೆ,

ಕಾಗದ ಬಂತು. ಓದಿದೆ. ನಿಧಾನವಾಗಿ ಓದಿದೆ.

ಇಲ್ಲಿ ಗಾಜು ತಣಿಸಲು ಉದ್ದನೆಯ ಓಣಿಯಂಥ ಕೋಣೆ ಇದೆ. ಬಾಟಲಿಗಳು ಒಂದು ಬಾಗಿಲಲ್ಲಿ ಬಿಸಿಯಾಗಿ ಹೋಗಿ ಇನ್ನೊಂದು ಬಾಗಿಲಲ್ಲಿ ತಣ್ಣಗೆ ಬರುತ್ತವೆ. ಮದುವೆಗೆ ಬಂದ ಬೀಗರು ಇದರ ತಿರುಗುಮುರುಗು. ನಾನು ಹೆಚ್ಚಾಗಿ ಕೂತು ಕೇಳುತ್ತೇನೆ. ಸರಿಯಾಗಿ ತಣಿದ ಗಾಜನ್ನು ಉಗುರಿನಿಂದ ತಟ್ಟಿದರೆ ಅದರ ದನಿಯೇ ಬೇರೆ.

ಅಕ್ಕ ದಿನಕ್ಕೆರಡು ಸಲ ಹೊನಗೊನೆ ಸೊಪ್ಪು ಬಡಿಸುತ್ತಾಳೆ. "ತಿನ್ನಪ್ಪ, ಬೆಂಕಿ ಮುಂದೆ ಕೂತೂ ಕೂತೂ ಒಣಗೋಗಿದ್ದೀಯ" ಅನ್ನುತ್ತಾಳೆ. ನಾನು ಮೇಕೆಯಂತೆ ಮೇಯುತ್ತಿದ್ದೇನೆ.

ಸಂಜೆ ಮೇಲೆ ಬರೆಯುವುದು ಓದುವುದು ಇಟ್ಟುಕೊಂಡಿಲ್ಲ. ಅದರಿಂದ ಉತ್ತರ ತಡವಾದರೆ ಕೋಪ ಬೇಡ.

ಕೊಳವೆ ಮುಟ್ಟಬೇಡ.

ಆವಲಪ್ಪ

*

ಚಿಂತಾಮಣಿ
೬ ಆಗಸ್ಟ್ ೧೯೬೧

ಯಜಮಾನರಿಗೆ,

ಒಂದು ಹಾಳೆಗೆ ಒಂಬತ್ತೇ ಸಾಲು ಬರೆದಿದ್ದೀರಿ. ಅಕ್ಷರ ಒಂದೊಂದೂ ಚುನಾವಣೆಯ ಗೋಡೆಬರಹದಷ್ಟು. ನನಗೆ ಹೇಳಲು ಮಾತು ಕಡಿಮೆಯಾಗಿ ಹಾಳೆ ತುಂಬಿಸುವ ಉಪಾಯವೋ, ನಾನು ಓದು ಬಾರದವಳೆಂಬ ಉದಾರವೋ ತಿಳಿಯಲಿಲ್ಲ. ಶಿಡ್ಲಘಟ್ಟದಲ್ಲಿ ಏಳನೆಯ ತರಗತಿ ಪಾಸಾದವಳು ನಾನು.

ಅತ್ತಿಗೆಗೆ ಹೇಳಿ: ಒಣಗಿಸಿದವಳು ನಾನೊಬ್ಬಳೇ ಅಲ್ಲ, ಬೆಂಕಿಯ ಪಾಲೂ ಇದೆ.

ನಿಮ್ಮ ಬುರುಡೆಗಳಲ್ಲಿ ಕೆಲವು ಒಡೆದವು. ಉಳಿದವು ಸಾಕು. ಮೊದಲ ಬಟ್ಟಲು ಆಗಿದೆ, ಚಿಕ್ಕದು. ನೂಲು ಬಿಚ್ಚಿ ಉಳಿದ ಶಿಡ್ಲಘಟ್ಟದ ರೇಷ್ಮೆ ಜೂಲಿನಲ್ಲಿ ಸುತ್ತಿ ಕಂಡಕ್ಟರ್ ಗಂಗುಲಪ್ಪನ ಕೈಗೆ ಕೊಟ್ಟಿದ್ದೇನೆ. ಮುರುಗಮಲ್ಲದ ದರ್ಗಾ ಮುಂದೆ ಬಳೆ ಮಾರುವ ಕದಿರಮ್ಮ ಒಡೆದ ಬಳೆಗಳನ್ನು ಗೋಣಿ ತುಂಬ ತಂದು ಸುರಿದಳು. ಅದರಲ್ಲಿ ಆರಿಸಿದ ಬಣ್ಣ. ಬಣ್ಣ ಹೇಗಿದೆ ನೋಡಿ ಬರೆಯಿರಿ. ಅದೊಂದರಲ್ಲಿ ನಿಮ್ಮ ಮಾತೇ ಕೊನೆ.

ಶ್ಯಾಮಲ

*

ಗೌರಿಬಿದನೂರು
೨೪ ಆಗಸ್ಟ್ ೧೯೬೧

ಶ್ಯಾಮಲೆಗೆ,

ಬಟ್ಟಲು ಪೆಟ್ಟಾಗದೆ ಬಂತು. ಹಸಿರು ಬಹಳ ಚೆನ್ನಾಗಿ ಬಂದಿದೆ. ಎಳೆ ರಾಗಿ ಪೈರಿನ ಹಾಗಿದೆ. ನೀಲಿಯವಕ್ಕೂ ಇದೇ ಹದ ಇರಲಿ.

ಬಾಯಂಚು ನುಣುಪು. ಬುಡ ಮಣೆಯ ಮೇಲೆ ಸರಿಯಾಗಿ ಕೂತಿತು. ಅಷ್ಟು ಸರಿಯಾಗಿ ಕೂತದ್ದನ್ನು ಎರಡು ದಿನ ಯೋಚಿಸಿದೆ.

ಸೊಪ್ಪು ನಡೆದಿದೆ.

ಆವಲಪ್ಪ

*

ಚಿಂತಾಮಣಿ
೩೦ ಆಗಸ್ಟ್ ೧೯೬೧

ಯಜಮಾನರಿಗೆ,

ಯಾವ ಹಸಿರು?

ನಾನು ಕಳಿಸಿದ್ದು ನೀಲಿ. ನವಿಲಿನ ಕತ್ತಿನ ನೀಲಿ. ಹಸಿರು ಚೂರನ್ನು ನಾನು ಈ ವರ್ಷ ಕುಲುಮೆಗೆ ಹಾಕಿಯೇ ಇಲ್ಲ. ನಿಮ್ಮ ಕಾಗದ ಓದಿ ಗಂಗುಲಪ್ಪನನ್ನು ಬಸ್ಸಿನಿಂದ ಇಳಿಸಿ ಕೇಳಿದೆ. "ಅಮ್ಮಣ್ಣೀ, ನಾನು ಗಂಟನ್ನ ತೊಡೆ ಮೇಲೆ ಇಟ್ಕೊಂಡು ಹೋಗಿವ್ನಿ, ನನ್ ಮಗೂನೂ ಹಂಗೆ ಎತ್ಕೊಂಡಿಲ್ಲ" ಎಂದ. ಅವನ ಮುಖ ನೋಡಿದರೆ ಸುಳ್ಳು ಹೇಳುವವನಂತಿಲ್ಲ. ನಿಮ್ಮ ಮುಖ ನೋಡಿದರೂ ಹಾಗೆಯೇ ಅನ್ನಿಸುತ್ತಿತ್ತು, ಆದರೆ ಅದು ಇಲ್ಲಿಲ್ಲ.

ಹಾಗಾದರೆ ಹಸಿರು ಬಟ್ಟಲು ಯಾರದ್ದು? ಅಲ್ಲಿ ಇನ್ನಾರಾದರೂ ನಿಮಗೆ ಬಟ್ಟಲು ಮಾಡಿಕೊಡುತ್ತಿದ್ದಾರೆಯೆ? ಕೇಳಬಾರದೆಂದು ನಾಲ್ಕು ದಿನ ಸುಮ್ಮನಿದ್ದೆ. ಇಲ್ಲವೆ ನನ್ನ ಗಂಟನ್ನು ಬಿಚ್ಚದೆಯೇ ಅಂದಾಜಿಗೆ ಹೊಗಳಿದಿರೋ? ಅದಾದರೆ ಬಣ್ಣವನ್ನಾದರೂ ಸರಿಯಾಗಿ ಊಹಿಸಬೇಕಿತ್ತು.

ನಿಂತರೆ ಚಿಂತೆ, ಕೂತರೆ ಕಂತೆ,
ನೀಲಿಯ ಬಟ್ಟಲು ಹಸಿರಾಯಿತಂತೆ!

ಇನ್ನೊಂದು ಕಳಿಸಿದ್ದೇನೆ. ಇದರ ಬಣ್ಣ ನಾನು ಹೇಳುವುದಿಲ್ಲ. ಬಿಚ್ಚಿ, ಬೆಳಕಿಗೆ ಹಿಡಿದು, ನೀವೇ ಬರೆಯಿರಿ.

ಶ್ಯಾಮಲ

*

ಗೌರಿಬಿದನೂರು
೨೮ ಸೆಪ್ಟೆಂಬರ್ ೧೯೬೧

ಶ್ಯಾಮಲೆಗೆ,

ತಡವಾಯಿತು. ಕೆಲಸ ಹೆಚ್ಚು.

ಹಸಿರಿನ ಮಾತು ಕೈ ತಪ್ಪಿ ಬರೆದದ್ದು. ಬೇರೆ ಯಾರ ಬಟ್ಟಲೂ ಇಲ್ಲ. ನಿನ್ನ ಗಂಟನ್ನು ನಾನೇ ಬಿಚ್ಚಿದೆ.

ಎರಡನೆಯದೂ ಬಂತು. ಈ ಜೇನುಬಣ್ಣ ಹೇಗೆ ತಂದೆ? ಹಳೆಯ ಜೇನು, ತಳದಲ್ಲಿ ಉಳಿದದ್ದು. ಮನೆ ಬಾಗಿಲಲ್ಲಿ ಬಿಸಿಲಿಗೆ ಹಿಡಿದು ನೋಡಿದೆ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಇದೂ ಸರಿಯಾಗಿ ಕೂರುತ್ತದೆ.

ಒಂದು ಮಾತು. ಪ್ರದರ್ಶನದ ಫಾರಮಿನಲ್ಲಿ ನಿನ್ನ ಹೆಸರೊಂದನ್ನೇ ಬರೆ. ಒಂದೇ ಸಾಲಿರುವುದು. ಇಬ್ಬರನ್ನು ತುರುಕಿದರೆ ಇಕ್ಕಟ್ಟು.

ಕೊಳವೆ ವಿಷಯ ಹಿಂದೆ ಹೇಳಿದ್ದೆ. ಇನ್ನು ಹೇಳುವುದಿಲ್ಲ.

ಆವಲಪ್ಪ

*

ಚಿಂತಾಮಣಿ
೫ ಅಕ್ಟೋಬರ್ ೧೯೬೧

ಯಜಮಾನರಿಗೆ,

ನೀವು ನನ್ನನ್ನು ಹಾಸ್ಯ ಮಾಡುತ್ತಿದ್ದೀರಿ ಎಂದುಕೊಂಡು ಒಂದು ದಿನ ನಕ್ಕೆ. ಎರಡನೆಯ ದಿನ ನಗು ಬರಲಿಲ್ಲ.

ಆ ಬಟ್ಟಲಿಗೆ ನಾನು ಬಣ್ಣವನ್ನೇ ಹಾಕಿರಲಿಲ್ಲ. ಬರಿಯ ನೀರಿನಂಥ ಗಾಜು. ನಿಮಗೆ ಎಲ್ಲಿಂದ ಬಂತು ಜೇನು?

ನನಗೆ ಏನೂ ತಿಳಿಯುತ್ತಿಲ್ಲ. ನೀಲಿಯನ್ನು ಹಸಿರು ಎನ್ನುತ್ತೀರಿ, ನೀರನ್ನು ಜೇನು ಎನ್ನುತ್ತೀರಿ, ನಿಮ್ಮ ಹೆಸರನ್ನು ಬೇಡ ಎನ್ನುತ್ತೀರಿ. ಮೊದಲ ಎರಡಕ್ಕೂ ಮೂರನೆಯದಕ್ಕೂ ಏನೋ ಸಂಬಂಧ ಇದೆ ಎಂದು ಅನ್ನಿಸುತ್ತದೆ, ಏನೆಂದು ಹೊಳೆಯುವುದಿಲ್ಲ. ಹೊಳೆದದ್ದು ಒಂದೇ: ನಿಮಗೆ ಬಾಟಲಿ ಕಾರ್ಖಾನೆ ಹಿಡಿಸಿದೆ. ಅಲ್ಲಿ ಗಾಜು ಬಾಗಿಲಿನಿಂದ ಬಾಗಿಲಿಗೆ ತಾನೇ ನಡೆದು ಹೋಗುತ್ತದೆ. ಪದ್ಯ ಹೇಳುವವರು ಬೇಕಿಲ್ಲ, ಬಣ್ಣ ಹೊರಳಿಸುವವರು ಬೇಕಿಲ್ಲ. ಅದಕ್ಕೇ ಬಟ್ಟಲನ್ನು ನೋಡದೆ ಬಾಯಿಗೆ ಬಂದದ್ದು ಬರೆಯುತ್ತೀರಿ.

ಇಕ್ಕಟ್ಟು ಎಂದಿರಿ. ಈ ಮನೆಯ ಒಂದೇ ಕೋಣೆಯಲ್ಲಿ ಕುಲುಮೆ, ಸೌದೆ, ಬಳೆಚೂರಿನ ಗೋಣಿ, ನೀವು, ನಾನು ಹತ್ತು ವರ್ಷ ಇದ್ದೆವು. ಆಗ ಇಕ್ಕಟ್ಟಾಗಲಿಲ್ಲ.

ಮೂರು ತಿಂಗಳು ಎಂದಿದ್ದಿರಿ. ದಾಟಿತು. ದೀಪಾವಳಿಗೆ ಬನ್ನಿ. ಫಾರಂ ಖಾಲಿ ಇಟ್ಟಿದ್ದೇನೆ. ನಿಮ್ಮ ಹೆಸರು ಇಲ್ಲದಿದ್ದರೆ ನನ್ನದೂ ಬೇಡ, ಬಟ್ಟಲೂ ಬೇಡ, ಪ್ರದರ್ಶನವೂ ಬೇಡ.

ಶ್ಯಾಮಲ

*

ಗೌರಿಬಿದನೂರು
೨ ನವೆಂಬರ್ ೧೯೬೧

ಶ್ಯಾಮಲ,

ದೀಪಾವಳಿಗೆ ಬರಲಾಗುವುದಿಲ್ಲ.

ನೀನು ಕೋಪದಲ್ಲಿ ಬರೆದದ್ದು ಸರಿ. ಆದರೆ ನಾನು ಬಟ್ಟಲನ್ನು ನೋಡದೆ ಬರೆದೆ ಎಂದಿದ್ದೀಯಲ್ಲ, ಅದಕ್ಕೆ ಇದು ಉತ್ತರ.

ನಾನು ಊದಿದ ಗಾಜು ಎಡಕ್ಕೆ ವಾಲುತ್ತದೆ. ನೀನು ಹೇಗೆ ಹೊರಳಿಸಿ ತಿದ್ದಿದರೂ ಬುಡದಲ್ಲಿ ಒಂದು ಮಗ್ಗುಲು ದಪ್ಪ ಉಳಿಯುತ್ತದೆ. ಹೆಬ್ಬೆರಳಿಗೆ ಗೊತ್ತಾಗುತ್ತದೆ. ನೀನು ಕಳಿಸಿದ ಎರಡು ಬಟ್ಟಲೂ ವಾಲಿಲ್ಲ. ಬುಡ ಸುತ್ತಲೂ ಒಂದೇ ಸಮ. ಅವು ನನ್ನ ಬುರುಡೆಗಳಲ್ಲ. ನೀನು ಊದಿದ್ದೀಯ.

ಆಣೆ ಮುರಿದದ್ದಕ್ಕೆ ಬಯ್ಯಲು ಬರೆಯುತ್ತಿಲ್ಲ. ನೀನು ಊದಿದ್ದು ನಾನು ಊದಿದ್ದಕ್ಕಿಂತ ಚೆನ್ನಾಗಿದೆ. ಹತ್ತು ವರ್ಷ ನಾನು ನಿನ್ನ ಬಟ್ಟಲುಗಳನ್ನು ವಾಲಿಸಿದೆ, ಅಷ್ಟೇ. ನನ್ನ ಹೆಸರು ಆ ಸಾಲಿನಲ್ಲಿ ಯಾಕಿರಬೇಕು? ಬಾಗಿಲು ಕಾಯುವವನ ಹೆಸರನ್ನು ಯಾರೂ ಬರೆಯುವುದಿಲ್ಲ. ಕಾವಲಪ್ಪ ಎಂದು ನೀನೇ ಕಟ್ಟಿದ್ದೀಯ.

ಇದರಲ್ಲಿ ಕೋಪವಿಲ್ಲ.

ಆವಲಪ್ಪ

*

ಚಿಂತಾಮಣಿ
೧೯ ನವೆಂಬರ್ ೧೯೬೧

ಆವಲಪ್ಪ,

ಹೆಸರು ಹಿಡಿದು ಬರೆದಿದ್ದೇನೆ. ಪ್ರಾಸ ಹುಡುಕಲು ಪುರಸೊತ್ತಿಲ್ಲ. ಹಿರಿಯರು ಏನಾದರೂ ಅಂದುಕೊಳ್ಳಲಿ.

ಹೌದು, ನಾನೇ ಊದಿದೆ. ನಾನು ಮೊದಲ ಕಾಗದ ಹಾಕಿದ ವಾರವೇ ಮಳೆ ಬಂದು ಬೂದಿ ಒದ್ದೆಯಾಗಿ ಹನ್ನೊಂದು ಬುರುಡೆಯೂ ಬಿರಿದವು. ಕೆಲವು ಎಂದು ಬರೆದದ್ದು ಸುಳ್ಳು. ಕೈ ಕಟ್ಟಿ ಕೂತರೆ ಡಿಸೆಂಬರ್ ಹೋಗುತ್ತಿತ್ತು. ಸೌದೆ ತರುವ ಬಯ್ಯಪ್ಪನಿಗೆ ಉರಿಗೆ ಹಿಪ್ಪುನೇರಳೆ ಕಡ್ಡಿ ತರಲು ಹೇಳಿ, ಬಾಗಿಲು ಹಾಕಿಕೊಂಡು ಊದಿದೆ. ಎರಡು ಸಲ ತಲೆ ತಿರುಗಿತು, ಗೋಡೆ ಹಿಡಿದುಕೊಂಡೆ. ನಿಮಗೆ ಗೊತ್ತಾದರೆ ನೊಂದುಕೊಳ್ಳುತ್ತೀರೆಂದು ಮುಚ್ಚಿಟ್ಟೆ. ನೊಂದಿರಿ. ಆದರೆ ನಾನು ಎಣಿಸಿದ ಕಾರಣಕ್ಕಲ್ಲ.

ನಿನ್ನೆ ಕದಿರಮ್ಮ ಗೋಣಿ ತಂದಳು. ನಾನು ಅಳುತ್ತಿದ್ದೆ. ಯಾಕೆಂದು ಕೇಳಿದಳು. ನೀರು ಗಾಜನ್ನು ಜೇನು ಎನ್ನುತ್ತಾರೆ, ನೀಲಿಯನ್ನು ಹಸಿರು ಎನ್ನುತ್ತಾರೆ, ಅವರಿಗೆ ನಾನು ಬೇಡವಾಗಿದ್ದೇನೆ ಎಂದೆ. ಅವಳು ಗೋಣಿಯ ಮೇಲೇ ಕೂತಳು. ಅವಳ ತಾತ ಬಳೆ ಕುಲುಮೆಯಲ್ಲಿ ನಲವತ್ತು ವರ್ಷ ಇದ್ದವನಂತೆ. "ಮಾ ತಾತಕಿ ಪಾಲು ಕೂಡಾ ನೆಯ್ಯಿಲಾಗ ಕನಪಡ್ತುಂಡೆ ತಲ್ಲೀ" ಎಂದಳು. ಹಾಲೂ ತುಪ್ಪದ ಹಾಗೆ ಕಾಣುತ್ತಿತ್ತಂತೆ ಅವನಿಗೆ. "ಬೆಂಕಿ ನೋಡ್ದೋರ ಕಣ್ಣಿಗೆ ಬೆಂಕೀನೇ ಪೊರೆ ಕಟ್ತದೆ. ನಿನ್ ಗಂಡಂಗೆ ನೀನು ಬ್ಯಾಡ ಆಗಿಲ್ಲ, ನೀನು ಕಾಣ್ತಾ ಇಲ್ಲ."

ಅವಳು ಹೋದ ಮೇಲೆ ನಿಮ್ಮ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಆನೆಯಂಥ ಅಕ್ಷರ. ಸಂಜೆ ಮೇಲೆ ಓದುವುದಿಲ್ಲ. ಕಣ್ಣಿಗೆ ಒಳ್ಳೆಯದೆನ್ನುವ ಹೊನಗೊನೆ ಸೊಪ್ಪು. ಕೂತು ಕೇಳುತ್ತೇನೆ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಎಲ್ಲವನ್ನೂ ನೀವು ಬರೆದೇ ಇದ್ದಿರಿ. ನಾನು ಏಳನೆಯ ತರಗತಿ ಪಾಸು, ಓದಲು ಬರಲಿಲ್ಲ.

ಬಾಟಲಿ ಕಾರ್ಖಾನೆಗೆ ನೀವು ಹೋಗಿದ್ದು ಎಷ್ಟು ದಿನ? ಒಂದು? ಎರಡು?

ಇನ್ನು ನಿಮ್ಮ ಹೆಬ್ಬೆರಳಿನ ಮಾತು. ನನ್ನ ಬಟ್ಟಲು ಯಾಕೆ ವಾಲಲಿಲ್ಲ ಎಂದು ನೀವು ಕೇಳಲಿಲ್ಲ, ತೀರ್ಪು ಕೊಟ್ಟಿರಿ. ಕೊಳವೆ ನನ್ನ ಬಾಯಲ್ಲಿರುವಾಗ ಪದ್ಯ ಹೇಳುವವರು ಯಾರು? ನಗುವವರು ಯಾರು? ಈ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಯಾರೂ ನಕ್ಕಿಲ್ಲ, ಅದಕ್ಕೇ ಅದು ನೆಟ್ಟಗಿದೆ. ಅದನ್ನು ಚೆನ್ನಾಗಿದೆ ಎಂದು ಯಾರಾದರೂ ಹೇಳಲಿ, ನೀವು ಹೇಳಬೇಡಿ.

ಇವತ್ತು ಬೆಳಿಗ್ಗೆ ಕುಲುಮೆಗೆ ಸೌದೆ ಹಾಕುವುದನ್ನು ನಿಲ್ಲಿಸಿದೆ. ಆರಲು ಎರಡು ದಿನ ಬೇಕು. ಕುಡಿಕೆ ಸೀಳುತ್ತದೆ, ಸೀಳಲಿ. ಆರುವ ಮೊದಲು ಕೊನೆಯದಾಗಿ ಒಂದು ಬಟ್ಟಲು ಊದಿ ಬೂದಿಯಲ್ಲಿ ಹೂತಿದ್ದೇನೆ. ಅದರ ವಿಷಯ ಬಂದು ಹೇಳುತ್ತೇನೆ.

ಬುಧವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಬೀಗದ ಕೈ ಕದಿರಮ್ಮನ ಹತ್ತಿರ. ನೀವು ಅಲ್ಲೇ ಇರಿ. ಎಲ್ಲಿಗೂ ಹೋಗಬೇಡಿ.

ಶ್ಯಾಮಲ

*

ಚಿಂತಾಮಣಿ
೨೩ ನವೆಂಬರ್ ೧೯೬೧

ಶ್ಯಾಮಲ,

ಮೇಲೆ ಊರಿನ ಹೆಸರು ನೋಡಿ ಎದೆ ಹಿಡಿದುಕೊಳ್ಳಬೇಡ. ನಾನು ಇಲ್ಲಿದ್ದೇನೆ. ನೀನು ಅಲ್ಲಿದ್ದೀಯ.

ನನ್ನ ಕೊನೆಯ ಕಾಗದಕ್ಕೆ ಇಪ್ಪತ್ತು ದಿನ ಉತ್ತರ ಬರಲಿಲ್ಲ. ನೀನು ಬರೆಯದೆ ಅಷ್ಟು ದಿನ ಇದ್ದವಳಲ್ಲ. ಮಂಗಳವಾರ ಅಕ್ಕನಿಗೆ ಹೇಳಿದೆ, ಬುಧವಾರ ಹೊರಟೆ. "ಕಣ್ಣು ಕಾಣ್ದೋನು ಒಬ್ನೇ ಎಲ್ಲೋಗ್ತೀಯೋ" ಎಂದು ಮಂಚೇನಹಳ್ಳಿಯವರೆಗೂ ಜೊತೆಗೆ ಬಂದು ಬಯ್ದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಲು ಒಂದು ಗಂಟೆ ಕೂತಿದ್ದೆ. ನೀನೂ ಅದೇ ಹೊತ್ತಿಗೆ ಅಲ್ಲಿ ಇಳಿದು ಹತ್ತಿರಬೇಕು. ಯಾರೋ ಹೆಂಗಸು ಕಂಡಕ್ಟರನ ಜೊತೆ ಜಗಳ ಆಡುತ್ತಿದ್ದಳು, ದನಿ ಪರಿಚಯದ್ದು ಅನ್ನಿಸಿತು. ಎದ್ದೆ. ಅಷ್ಟರಲ್ಲಿ ಬಸ್ಸು ಹೊರಟಿತು. ನಿನಗೆ ಕಣ್ಣು ಚೆನ್ನಾಗಿದೆಯಲ್ಲ, ನೀನು ಯಾಕೆ ನೋಡಲಿಲ್ಲ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ನಿನ್ನ ಕಾಗದ ಈಗ ಗೌರಿಬಿದನೂರಿನಲ್ಲಿರಬೇಕು, ನೀನೇ ಅದನ್ನು ಬಿಡಿಸಿಕೋ. ಅದರಲ್ಲಿ ಏನಿದೆ ಎಂದು ಕದಿರಮ್ಮ ಬೀಗದ ಕೈ ಕೊಡುವಾಗ ಹೇಳಿದಳು. ಬೀಗದ ಕೈ ಕೊಡಲು ಒಂದು ಗಳಿಗೆ, ಹೇಳಲು ಒಂದೂವರೆ ಗಂಟೆ.

ಪೊರೆ ಹೌದು. ಎರಡೂ ಕಣ್ಣಿಗೆ. ಯುಗಾದಿಯ ಹೊತ್ತಿಗೆ ಶುರುವಾಯಿತು. ಕುಲುಮೆ ಮುಂದೆ ನೀನು ಬರಿಯ ದನಿಯಾಗಿಬಿಟ್ಟೆ, ನಾನು ಆ ದನಿ ಹಿಡಿದು ಊದುತ್ತಿದ್ದೆ. ಬಣ್ಣ ಕಾಣದವನು ಬಣ್ಣದವಳ ಪಕ್ಕದಲ್ಲಿ ಏನೆಂದು ನಿಲ್ಲಲಿ? ಅದಕ್ಕೇ ಹೊರಟೆ. ಕಾರ್ಖಾನೆಗೆ ಹೋಗಿದ್ದು ಒಂದೇ ದಿನ, ಬಾಗಿಲಿನಿಂದ ಬಾಗಿಲಿಗೆ. ಪೊರೆ ಮಾಗಬೇಕು, ಆಮೇಲೆ ತೆಗೆಯುತ್ತೇವೆ ಎಂದು ಡಾಕ್ಟರು ಕಾಯಿಸಿದರು. ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟ ಹಾಗೆ ಅಕ್ಕ ನನ್ನನ್ನು ಸೊಪ್ಪಿನಲ್ಲಿಟ್ಟಳು. ಈಗ ಮಾಗಿದೆಯಂತೆ. ಸಂಕ್ರಾಂತಿ ಆದ ಮೇಲೆ ಒಂದು ಕಣ್ಣು. ಬಂದರೆ ಬಂತು. ಭಯ ಇದೆ, ಇಲ್ಲ ಎನ್ನುವುದಿಲ್ಲ. ದಪ್ಪ ಕನ್ನಡಕ ಬರುತ್ತದೆ. ಗಾಜಿನವನ ಮುಖಕ್ಕೇ ಗಾಜು.

ಕುಲುಮೆ ತಣ್ಣಗಿದೆ. ಕೈ ಇಟ್ಟು ನೋಡಿದೆ. ಹತ್ತು ವರ್ಷದಲ್ಲಿ ಅದರೊಳಗೆ ಕೈ ಇಟ್ಟದ್ದು ಇದೇ ಮೊದಲು. ಕುಡಿಕೆ ಬಾಯಿಂದ ಬುಡದವರೆಗೂ ಸೀಳಿದೆ. ಬಯ್ಯಪ್ಪನಿಗೆ ಜೇಡಿಮಣ್ಣು ತರಲು ಹೇಳಿದ್ದೇನೆ. ಮಣ್ಣು ಕಲಸಲು ಕಣ್ಣು ಬೇಡ. ಡಿಸೆಂಬರಿಗೆ ಮೂರು ಬಟ್ಟಲು ಆಗುವುದಿಲ್ಲ. ಪ್ರದರ್ಶನದವರಿಗೆ ಒಂದೇ ಕಳಿಸೋಣ, ಬೇಡವೆಂದರೆ ಮುಂದಿನ ವರ್ಷ.

ಫಾರಂ ಗೂಡಿನಲ್ಲಿತ್ತು. ತಡವಿ ಆ ಸಾಲು ಹುಡುಕಿ ನಿನ್ನ ಹೆಸರು ಬರೆದೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಸಾಲು ಅಷ್ಟಕ್ಕೇ ಮುಗಿದುಹೋಯಿತು. ನನ್ನದನ್ನು ಕೆಳಗೆ, ಏನೋ ಅಚ್ಚು ಹಾಕಿದ್ದರ ಮೇಲೆ ಬರೆದಿದ್ದೇನೆ. ಅವರು ಓದಿಕೊಳ್ಳಲಿ.

ಇವತ್ತು ಮಧ್ಯಾಹ್ನ ಬೂದಿಯಲ್ಲಿ ಕೈ ಆಡಿಸಿ ನಿನ್ನ ಬಟ್ಟಲನ್ನು ತೆಗೆದೆ. ಮೂರು ದಿನ ದಾಟಿತ್ತು. ಉಗುರಿನಿಂದ ತಟ್ಟಿದೆ, ಬಿರುಕಿಲ್ಲ. ಮಣೆಯ ಮೇಲಿಟ್ಟೆ.

ಶ್ಯಾಮಲ, ಇದು ಎಡಕ್ಕೆ ವಾಲಿದೆ. ಬುಡ ಒಂದು ಮಗ್ಗುಲು ದಪ್ಪ, ಹೆಬ್ಬೆರಳು ಅಲ್ಲೇ ಕೂತಿತು. ಒಬ್ಬಳೇ ನಿಂತು ಊದುತ್ತಾ ಏನು ನೆನೆಸಿಕೊಂಡು ನಕ್ಕೆ?

ಬಣ್ಣ ಯಾವುದೆಂದು ಗೊತ್ತಿಲ್ಲ. ಕದಿರಮ್ಮ ಹೇಳಲು ಬಾಯಿ ತೆರೆದಳು, ಬೇಡ ಎಂದೆ. ಇವತ್ತು ಬಾಗಿಲಿಗೆ ಬಂದ ಯಾರನ್ನೂ ಕೇಳಿಲ್ಲ, ನಾಳೆಯೂ ಕೇಳುವುದಿಲ್ಲ. ನೀನು ಬಂದು ಹೇಳು.

ಈ ಸಲ ನಾನು ಹೊರಡುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಒಂದು ಕಡೆ ನಿಲ್ಲಬೇಕು.

ಆವಲಪ್ಪ